ಸೈಕಲ್ಲಿಗೆ ಗುದ್ದಿದ ಕಾರು, ಕೋರ್ಟಿಗೆ ಬಂದ ಸಾರು

ಕಾರು ಗುದ್ದಿ ಕೈಕಾಲು ಮುರಿದುಕೊಂಡವರ ಪರ ಕೇಸು ನಡೆಸುವುದು ನನ್ನ ವೃತ್ತಿ. ಅಳುತ್ತಾ ಬರುವ ಕಕ್ಷಿದಾರರು ನನ್ನನ್ನು ಇಷ್ಟೊಂದು ನಗಿಸುತ್ತಾರೆಂದು ಕಾನೂನು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಹಿಂದೂಪುರದಲ್ಲಿ ಇದು ತಪ್ಪಿದ್ದಲ್ಲ, ಇವತ್ತಲ್ಲ ನಾಳೆ ಏನಾದರೊಂದು ನಡೆದೇ ನಡೆಯುತ್ತದೆ. ಎಲ್ಲ ಹೇಳುತ್ತಾ ಕೂತರೆ ಬೆಳಗಾದೀತು. ಒಬ್ಬ ನೇಕಾರನ ಕೇಸನ್ನಷ್ಟೇ ಹೇಳುತ್ತೇನೆ. ಅದೊಂದರಲ್ಲೇ ನನ್ನ ಎದೆ ಎಷ್ಟು ಸಲ ಧಸಕ್ಕೆಂದಿತೋ ಲೆಕ್ಕವಿಲ್ಲ.

ಆಯುಧಪೂಜೆ

ಆತ ರೇಷ್ಮೆ ಸೀರೆ ನೇಯುವವನು. ಕ್ಯಾರಿಯರ್ ಮೇಲೆ ನೂಲಿನ ಗಂಟಿಟ್ಟುಕೊಂಡು ಲೇಪಾಕ್ಷಿ ರಸ್ತೆಯಲ್ಲಿ ತನ್ನ ಪಾಡಿಗೆ ತಾನು ಸೈಕಲ್ ತುಳಿಯುತ್ತಿದ್ದ. ಬಸ್ಸನ್ನು ಹಿಂದೆ ಹಾಕಲು ಹೊರಟ ಕಾರೊಂದು ಹಿಂದಿನಿಂದ ಬಂದು ಗುದ್ದಿತು. ಬಲಗಾಲು ಮುರಿಯಿತು. ಮೂಳೆ ಕೂಡಿಕೊಂಡರೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುವ ಶಕ್ತಿ ಮಾತ್ರ ಹೋಯಿತು. ತುಳಿಯದಿದ್ದರೆ ಸೀರೆಯಿಲ್ಲ, ಸೀರೆಯಿಲ್ಲದಿದ್ದರೆ ಒಲೆ ಉರಿಯುವುದಿಲ್ಲ. ವಿಮಾ ಕಂಪನಿಯಿಂದ ಪರಿಹಾರ ಕೊಡಿಸಿಯೇ ತೀರುತ್ತೇನೆಂದು ನಾನು ಟೊಂಕ ಕಟ್ಟಿ ನಿಂತೆ.

ಜಜ್ಜಿಹೋದ ಸೈಕಲ್ಲೇ ನಮ್ಮ ದೊಡ್ಡ ಪುರಾವೆ. ಫೋಟೋ ತೆಗೆಸುವವರೆಗೆ ಯಾರೂ ಅದನ್ನು ಮುಟ್ಟಬೇಡಿ ಎಂದು ಹೇಳಿ ಬಂದಿದ್ದೆ. ದಸರಾ ಕಳೆದು ಫೋಟೋಗ್ರಾಫರನ್ನು ಕರೆದುಕೊಂಡು ಹೋದರೆ, ಮಗ್ಗದ ಪಕ್ಕದಲ್ಲಿ ಸೈಕಲ್ಲು ಮದುವಣಗಿತ್ತಿಯಂತೆ ನಿಂತಿದೆ. ಹೊಸ ಚಕ್ರ, ಹೊಸ ಬಣ್ಣ, ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ನನಗೆ ಪಿತ್ತ ನೆತ್ತಿಗೇರಿತು.

ಆತನ ಹೆಂಡತಿ ಸಮಾಧಾನವಾಗಿಯೇ ಹೇಳಿದಳು: "ಮುರ್ದಿರೋದಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನಮ್ಮ? ಮನೆಗೆ ಒಳ್ಳೇದಾಗಲ್ಲ ಕಣಮ್ಮ. ಅದಕ್ಕೇ ರಿಪೇರಿ ಮಾಡಿಸ್ಬುಟ್ವಿ."

ಪುಣ್ಯಕ್ಕೆ ಕಾರಿನವರು ಅಷ್ಟು ದೈವಭಕ್ತರಲ್ಲ. ಅವರ ಬಂಪರಿನ ತಗ್ಗು ಹಾಗೇ ಇತ್ತು.

ಶುಕ್ರವಾರದ ಸಾಕ್ಷಿ

ಗುದ್ದಿದ್ದನ್ನು ಕಣ್ಣಾರೆ ಕಂಡವನು ಒಬ್ಬನೇ, ಕಲ್ಯಾಣದುರ್ಗದ ಜೀಪ್ ಡ್ರೈವರ್. ಅಂದು ನೆಂಟರ ಮನೆಗೆಂದು ಈ ಕಡೆ ಬಂದಿದ್ದನಂತೆ. ನಾನೇ ಕಲ್ಯಾಣದುರ್ಗಕ್ಕೆ ಹೋಗಿ, ಜೀಪಿಗೆ ಜನ ತುಂಬಿಸುತ್ತಿದ್ದವನನ್ನು ಹಿಡಿದು ಒಪ್ಪಿಸಿ ಬಂದೆ. ನೇಕಾರ ಇನ್ನೂ ಓಡಾಡುವಂತಿರಲಿಲ್ಲವಾದ್ದರಿಂದ ಇವನನ್ನೇ ಮೊದಲು ಕರೆಸಿದ್ದೆ. ಶುಕ್ರವಾರ ಬೆಳಿಗ್ಗೆ ಬಂದೂ ಬಂದ.

ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗಿದರೆ, ಆಸಾಮಿ ಎದುರಿನ ಬೇವಿನ ಮರದಡಿ ನಿಂತು ಕೈಬೀಸುತ್ತಾನೆ, ಹೆಜ್ಜೆ ಮಾತ್ರ ಕೀಳುವುದಿಲ್ಲ. ಓಡಿಹೋಗಿ ಏನಪ್ಪಾ ಎಂದು ಕೇಳಿದರೆ, ರಾಹುಕಾಲ ಮುಗೀಲಿ ಲಾಯರಮ್ಮ, ಬತ್ತೀನಿ ಎಂದ.

ಸಾಕ್ಷಿಗೆ ಮೈ ಸರಿಯಿಲ್ಲ ಎನ್ನೋಣವೆಂದರೆ ಅವನು ಜಡ್ಜ್ ಸಾಹೇಬರಿಗೆ ಕಿಟಕಿಯಲ್ಲೇ ಕಾಣುತ್ತಿದ್ದಾನೆ. ನಿಜವನ್ನೇ ಹೇಳಿಬಿಟ್ಟೆ. ಅವರು ಗಡಿಯಾರ ನೋಡಿದರು, ಹುಬ್ಬು ಗಂಟಿಕ್ಕಿದರು, ಹನ್ನೆರಡರ ಮೇಲೆ ಕರೆಯಿರಿ ಎಂದರು. ಉಸಿರು ಬಿಟ್ಟು ಪಕ್ಕಕ್ಕೆ ತಿರುಗಿದೆ. ವಿಮಾ ಕಂಪನಿಯ ವಕೀಲರೂ ಬಿಚ್ಚದ ಫೈಲಿನ ಮೇಲೆ ಕೈಯಿಟ್ಟುಕೊಂಡು ಹನ್ನೆರಡಾಗುವುದನ್ನೇ ಕಾಯುತ್ತಿದ್ದರು.

ಕ್ಷೇಮಸಮಾಚಾರ

ಕೊನೆಗೆ ನೇಕಾರನ ಸರದಿ ಬಂತು. ಕಾಲಿನ ಕಷ್ಟ ಇದ್ದದ್ದು ಇದ್ದಂತೆ ಹೇಳಪ್ಪ, ಅಷ್ಟು ಸಾಕು ಎಂದಿದ್ದೆ. ಕುಂಟುತ್ತಾ ಕಟಕಟೆ ಹತ್ತಿದ. ಜಡ್ಜ್ ಸಾಹೇಬರು ಕನಿಕರದಿಂದ, ಕಾಲು ಈಗ ಹೇಗಿದೆ ಎಂದು ತೆಲುಗಿನಲ್ಲಿ ಕೇಳಿದರು. ನಮ್ಮ ಕಡೆ ದೊಡ್ಡವರು ಕ್ಷೇಮ ಕೇಳಿದಾಗ ಕಷ್ಟ ತೋಡಿಕೊಳ್ಳುವುದು ಮರ್ಯಾದೆಯಲ್ಲ.

ಆತ ಕೈಮುಗಿದು, "ಮೀ ದಯ ಸ್ವಾಮಿ, ಬಾಗುಂದಿ" ಎಂದುಬಿಟ್ಟ. ನಿಮ್ಮ ದಯೆಯಿಂದ ಚೆನ್ನಾಗಿದೆಯಂತೆ!

ವಿಮಾ ವಕೀಲರು ಚಂಗನೆ ಎದ್ದರು. ಹಾಗಾದರೆ ಕೆಲಸ ಮಾಡುತ್ತೀಯಾ ಎಂದರು. ಮಾಡ್ತೀನಿ ಎಂದ. ಏನು ಕೆಲಸ ಎಂದರು. ಮಗ್ಗ ತುಳಿಯಾಕಾಗಲ್ಲ, ಅದನ್ನ ನಮ್ಮಾಕೆ ನೋಡ್ಕೊಂತಾಳೆ, ನಾನು ಅಡಿಗೆ ಮಾಡ್ತೀನಿ ಎಂದ. ಮಗ್ಗವೂ ನಡೆಯುತ್ತಿದೆ, ಮನುಷ್ಯನೂ ದುಡಿಯುತ್ತಿದ್ದಾನೆ, ಇನ್ನು ನಷ್ಟ ಎಲ್ಲಿಂದ ಬಂತು ಎಂದು ವಕೀಲರು ಮೀಸೆಯಡಿಯಲ್ಲೇ ನಕ್ಕರು.

ಉಳಿದ ಸಾಕ್ಷಿ ಹೆಂಡತಿಯೊಬ್ಬಳೇ. ಹೊರಗೆ ಕೂತಿದ್ದ ಅವಳಿಗೆ ಒಳಗೆ ನಡೆದದ್ದು ಗೊತ್ತಿಲ್ಲ. ಗಂಡನಷ್ಟು ನೇಯಲು ಬರುತ್ತದೆಯೇ ಎಂದು ಕೇಳಿದೆ. ಆತ ಸೀರೆ ಮುಗಿಸುವ ಹೊತ್ತಿಗೆ ತನ್ನದು ಸೆರಗೂ ಮುಗಿಯುವುದಿಲ್ಲ ಎಂದಳು. ನನಗೆ ಹೋದ ಜೀವ ಬಂತು. ವಿಮಾ ವಕೀಲರು ಬಿಡಬೇಕಲ್ಲ. ನಿಮ್ಮ ಯಜಮಾನರು ಅಡಿಗೆ ಮಾಡುತ್ತಾರಂತೆ, ಅದೂ ಸಂಸಾರಕ್ಕೆ ಲಾಭವೇ ಅಲ್ಲವೇ ಎಂದರು.

ಅವಳು ಜಡ್ಜ್ ಸಾಹೇಬರ ಕಡೆ ತಿರುಗಿ ಕೈಮುಗಿದಳು. "ಸ್ವಾಮಿ, ಆ ಕಾಲಿಗೆ ಏನು ಕೊಡ್ತೀರೋ ನಿಮ್ಮಿಷ್ಟ. ಇವರ ಸಾರು ಉಂಡಿದ್ದಕ್ಕೆ ಮಾತ್ರ ನಂಗೂ ಮಕ್ಳಿಗೂ ಬೇರೆ ಪರಿಹಾರ ಕೊಟ್ಬುಡಿ."

ಕೋರ್ಟೆಲ್ಲ ಗೊಳ್ಳೆಂದಿತು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತೀರ್ಪು ನಮ್ಮ ಕಡೆಗೇ ಆಯಿತು. ಮಗ್ಗ ತುಳಿಯುವ ಕಾಲು ಹೋದ ಮೇಲೆ ನೇಕಾರನ ಕಸುಬೇ ಹೋದಂತೆ ಎಂದು ಬರೆದು, ಕೇಳಿದಷ್ಟೂ ಪರಿಹಾರ ಕೊಟ್ಟರು. ಕುಣಿಯುವುದೊಂದು ಬಾಕಿ, ಅಷ್ಟು ಸಂತೋಷ ನನಗೆ. ಗಂಡ ಹೆಂಡತಿಯನ್ನು ಕೂರಿಸಿಕೊಂಡು ತೀರ್ಪನ್ನು ಓದಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಆತನ ಮುಖದ ಗಂಟು ಮಾತ್ರ ಬಿಚ್ಚಲಿಲ್ಲ. ಸಾರಿನ ಮಾತನ್ನೂ ಬರೆದುಕೊಂಡಿದ್ದಾರಾ ಎಂದು ಕೇಳಿದ. ಅವಳು ಹೇಳಿದ್ದೆಲ್ಲ ಕೋರ್ಟಿನ ದಾಖಲೆಗೆ ಸೇರಿದೆ ಕಣಪ್ಪ ಎಂದೆ.

"ಹಂಗಾದ್ರೆ ಬುಡಬ್ಯಾಡಿ ಲಾಯರಮ್ಮ," ಎಂದ, "ಹೈಕೋರ್ಟಿಗೆ ಅಪೀಲು ಹಾಕ್ಬುಡಿ."