ಬೋಗುಣಿ ಹಿಂದಿರುಗಿಸುವ ಕಷ್ಟ

ನಾನು ಇಂಗ್ಲೆಂಡನ್ನು ಕಣ್ಣಾರೆ ಕಂಡವನಲ್ಲ. ವಿಮಾನ ಬದಲಿಸಲೆಂದು ಕೂಡ ಅಲ್ಲಿ ಇಳಿದಿಲ್ಲ. ಆದರೂ ಆ ದೇಶದ ಪೂರ್ವ ಕರಾವಳಿಯ ಆಲ್ಡರ್‌ಸ್ಟೋ ಎಂಬ ಹಳ್ಳಿಯ ಬಗ್ಗೆ ಯಾರಾದರೂ ಪರೀಕ್ಷೆ ಇಟ್ಟರೆ ಕಣ್ಣು ಮುಚ್ಚಿಕೊಂಡು ಪಾಸಾಗುತ್ತೇನೆ. ಅಲ್ಲಿನ ಚರ್ಚಿನ ಗಂಟೆ ಹೇಗೆ ಸೀಳಿತು, ಪಾದ್ರಿಯ ಕೋಸಿನ ತೋಟವನ್ನು ಸಮುದ್ರ ಹೇಗೆ ಸಾಲು ಸಾಲಾಗಿ ನುಂಗಿತು, ಬೇಕರಿಯವನ ಕತ್ತೆ ಯಾರ ಮನೆ ಮುಂದೆ ಬಂದರೆ ಮುಷ್ಕರ ಹೂಡುತ್ತಿತ್ತು, ಎಲ್ಲ ನನಗೆ ಬಾಯಿಪಾಠ. ಅದೇ ನಾನು ಹುಟ್ಟಿ ಬೆಳೆದ ಮೈಸೂರಿನ ಬೀದಿಗೆ ಆ ಹೆಸರು ಏಕೆ ಬಂತೆಂದು ಮಗಳು ಕೇಳಿದರೆ, "ಗೂಗಲ್ ಮಾಡು ಪುಟ್ಟಿ" ಎನ್ನುತ್ತೇನೆ. ಸ್ಕೂಲಿನ ಇತಿಹಾಸದ ಪೀರಿಯಡ್ಡಿನಲ್ಲಿ ಸುಖವಾಗಿ ತೂಕಡಿಸುತ್ತಿದ್ದ ನನಗೆ ಈ ಗತಿ ಬಂದದ್ದು ಒಂದು ಬೋಗುಣಿಯಿಂದ.

ಎರಡು ಸಾವಿರದ ಹನ್ನೆರಡರ ಸುಮಾರಿಗೆ ನಾವು ಆಸ್ಟ್ರೇಲಿಯಾದ ಅಡಿಲೇಡಿನ ಮಾಡ್ಬರಿಯಲ್ಲಿ ಮನೆ ಮಾಡಿದೆವು. ಸಾಮಾನು ಇಳಿಸಿದ ಮಾರನೆಯ ದಿನವೇ ಪಕ್ಕದ ಮನೆಯ ಡೋರೀನ್ ಆಂಟಿ, ನೀಲಿ ಅಂಚಿನ ಬಿಳಿ ಪಿಂಗಾಣಿ ಬೋಗುಣಿಯಲ್ಲಿ ಸೇಬಿನ ಕ್ರಂಬಲ್ ಎಂಬ ಸಿಹಿ ತಂದುಕೊಟ್ಟರು. ಎಂಬತ್ತರ ಆಸುಪಾಸಿನ ಹೆಂಗಸು, ಒಂಟಿ ಜೀವ. "ಆಂಟಿ" ಎಂದಾಗ, "ನಾನ್ಯಾಕೆ ನಿಮ್ಮ ಆಂಟಿ ಆದೆ?" ಎಂದು ಹುಬ್ಬೇರಿಸಿದರು. ಅಜ್ಜಿ ಎನ್ನಬೇಕಾದ ಜಾಗದಲ್ಲಿ ರಿಯಾಯಿತಿ ಕೊಟ್ಟಿದ್ದೇವೆ ಎಂದು ವಿವರಿಸುವಷ್ಟು ಧೈರ್ಯ ನನಗಿರಲಿಲ್ಲ. ಕ್ರಂಬಲ್ ಚೆನ್ನಾಗಿತ್ತು. ಬೋಗುಣಿ ತೊಳೆದು, ಕೊಟ್ಟು ಬರೋಣವೆಂದು ಹೊರಟೆ. ನನ್ನ ಹೆಂಡತಿ ಸುಮ ಬಾಗಿಲಿಗೆ ಅಡ್ಡ ನಿಂತಳು.

"ಖಾಲಿ ಪಾತ್ರೆ ವಾಪಸ್ ಕೊಡ್ತಾರೇನ್ರೀ ಯಾರಾದ್ರೂ?"

"ಅವರು ಇಂಗ್ಲಿಷ್‌ನೋರು ಕಣೇ. ಅವರಿಗೇನು ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗ್ದೇ ಇದ್ರೆ ಏನಾಯ್ತು? ನಮಗೆ ಗೊತ್ತಿಲ್ವಾ?"

ಈ ಪ್ರಶ್ನೆಗೆ ಉತ್ತರ ಕೊಟ್ಟ ಗಂಡಸು ನಮ್ಮ ವಂಶದಲ್ಲಿ ಇಲ್ಲ. ನಮ್ಮಮ್ಮನಂತೂ ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಪಾತ್ರೆ ಕಳಿಸುತ್ತಿದ್ದಳು. ಸುಮ ಬೋಗುಣಿಯ ತುಂಬ ಕೋಡುಬಳೆ ತುಂಬಿದಳು, ನಾನು ಕೊಟ್ಟು ಬಂದೆ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಆ ವಾರವೇ ಬೋಗುಣಿ ಸ್ಕೋನ್ ಎಂಬ ಪುಟ್ಟ ಬನ್ನುಗಳನ್ನು ಹೊತ್ತು ಮತ್ತೆ ನಮ್ಮ ಮನೆ ಬಾಗಿಲಿಗೆ ಬಂತು. "ತುಂಬಿ ಬಂದ ಪಾತ್ರೆ ಖಾಲಿ ಹೋಗಬಾರದು ಅಂತ ನಮ್ಮಮ್ಮ ಹೇಳೋರು. ನಮ್ಮೂರು ಆಲ್ಡರ್‌ಸ್ಟೋದಲ್ಲಿ ಏನೂ ಇಲ್ದಿದ್ರೆ ಒಂದು ಮೊಟ್ಟೆನಾದ್ರೂ ಇಟ್ಟು ಕಳಿಸ್ತಿದ್ರು" ಎಂದರು ಆಂಟಿ. ಇಬ್ಬರಲ್ಲಿ ಒಬ್ಬರಿಗೆ ಈ ಪದ್ಧತಿ ಇದ್ದರೆ ಅದು ಸಭ್ಯತೆ. ಇಬ್ಬರಿಗೂ ಇದ್ದರೆ ಜೀವಾವಧಿ ಶಿಕ್ಷೆ. ಇಂಥ ಎರಡು ಮನೆಗಳನ್ನು ಅಕ್ಕಪಕ್ಕ ಇರಗೊಡಬಾರದೆಂದು ಕೌನ್ಸಿಲ್‌ನವರು ಒಂದು ನಿಯಮ ಮಾಡಬೇಕು.

ಬೋಗುಣಿ ಮುಟ್ಟಿಸುವ ಕೆಲಸ ನನಗೇ ಬಿತ್ತು. ಸುಮಳಿಗೆ ಭಾನುವಾರ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ. ಟೀವಿಯಲ್ಲಿ ಕ್ರಿಕೆಟ್ ಕಾವೇರುವ ಹೊತ್ತಿಗೆ ನಾನು ಆಂಟಿಯ ಮನೆಯ ಹೂವಿನ ಸೋಫಾದ ಮೇಲೆ. "ಕೂತ್ಕೊ ಶ್ರೀ, ಟೀ ಆಗ್ತಿದೆ" ಎನ್ನುವರು. ಕೆಟಲಿನಲ್ಲಿ ನೀರು ಕುದಿಯುವುದರೊಳಗೆ ನಾವು ಆಲ್ಡರ್‌ಸ್ಟೋದ ಮೀನುಗಾರರ ಓಣಿ ತಲುಪಿರುತ್ತಿದ್ದೆವು. ಅಲ್ಲಿ ಸಮುದ್ರದ ದಡ ಕಲ್ಲಿನದಲ್ಲ, ಮೆತ್ತನೆಯ ಜೇಡಿಮಣ್ಣಿನದು. ಪ್ರತಿ ಚಳಿಗಾಲಕ್ಕೂ ಅಷ್ಟಷ್ಟು ಕುಸಿಯುತ್ತದೆ. ಮೊದಲ ಚರ್ಚು ಬಹಳ ಹಿಂದೆಯೇ ನೀರು ಪಾಲಾಯಿತು. ಜನ ಎರಡನೆಯದನ್ನು ಇನ್ನಷ್ಟು ಒಳಗೆ ಕಟ್ಟಿದರು. ಸಮುದ್ರ ಅದನ್ನೂ ವಿಚಾರಿಸಿಕೊಳ್ಳಲು ಹೊರಟಿತು. ಗಂಟೆ ಇಳಿಸುವಾಗ ಹಗ್ಗ ಜಾರಿ ಬಿದ್ದು ಸೀಳಿತಂತೆ. ಆಮೇಲೆ ಯಾರ ಮದುವೆಗೆ ಬಾರಿಸಿದರೂ ಒಡಕು ದನಿ. "ನಮ್ಮ ಮದುವೆಗೂ ಹಂಗೇ ಬಾರಿಸಿದ್ರು. ಆದ್ರೆ ಮದುವೆ ಚೆನ್ನಾಗೇ ನಡೀತು" ಎಂದು ಆಂಟಿ ಪ್ರತಿಸಲವೂ ನಗುತ್ತಿದ್ದರು. ಪ್ರತಿಸಲವೂ ಎಂಬುದನ್ನು ಓದುಗರು ಗಮನಿಸಬೇಕು.

"Appa, just leave it on the porch and run!" ಎಂದು ಮಗಳು ಅನಘ ಉಪಾಯ ಹೇಳಿದಳು. ಒಮ್ಮೆ ಅದನ್ನೂ ಮಾಡಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಬೋಗುಣಿಯನ್ನು ಬಾಗಿಲ ಬಳಿ ಇಟ್ಟು ತಿರುಗುವಷ್ಟರಲ್ಲಿ ಅಡುಗೆಮನೆ ಕಿಟಕಿಯಿಂದ ದನಿ ಬಂತು: "ಶ್ರೀ, ಬಾಗಿಲು ತೆಗೆದೇ ಇದೆ. ಟೀ ಆಗ್ಲೇ ಇಟ್ಟಿದೀನಿ." ಐಟಿ ಕಂಪನಿಯಲ್ಲಿ ಟೀಮ್ ಲೀಡ್ ಆಗಿರುವ ನಾನು ಬರಿಗಾಲಲ್ಲಿ, ಚಪ್ಪಲಿ ಹಿಡಿದುಕೊಂಡು ಒಳಗೆ ಹೋದೆ. ಕಾರ್ಪೆಟ್ ಕೊಳೆಯಾಗಬಾರದೆಂಬ ನನ್ನ ಸಂಸ್ಕಾರವನ್ನು ಆಂಟಿ ಬಹಳ ಮೆಚ್ಚಿಕೊಂಡರು.

ಬರಬರುತ್ತ ರೋಗ ನನಗೂ ಅಂಟಿತು. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಸಂಶೋಧನೆ ಮಾಡುವ ಗೆಳೆಯ ರಘು ಫೋನ್ ಮಾಡಿದಾಗ, ಅಲ್ಲಿ ನದಿಯ ನೀರು ಏರಿದ ಸುದ್ದಿ ಹೇಳತೊಡಗಿದ. ನಾನು ತಡೆದು ಆಲ್ಡರ್‌ಸ್ಟೋದ ದಡ ಕುಸಿತವನ್ನು ಆಮೂಲಾಗ್ರವಾಗಿ ವಿವರಿಸಿದೆ.

"ಲೋ, ನೀನು ಯಾವಾಗ್ಲೋ ಇಂಗ್ಲೆಂಡಿಗೆ ಹೋಗಿದ್ದೆ?" ಎಂದ.

"ಇಲ್ವೋ, ಪಕ್ಕದ ಮನೆಗೆ ಹೋಗಿದ್ದೆ" ಎಂದೆ.

ಒಂದು ಭಾನುವಾರ ಪಂದ್ಯ ಕೊನೆಯ ಓವರುಗಳಲ್ಲಿತ್ತು. ತಾಳ್ಮೆ ಕೆಟ್ಟು ಕೇಳಿಯೇಬಿಟ್ಟೆ: "ಇಷ್ಟೊಂದು ಆಸೆ ಇದ್ರೆ ಒಂದ್ಸಲ ಹೋಗಿ ನೋಡ್ಕೊಂಡು ಬರಬಾರ್ದಾ ಆಂಟಿ?"

ಆಂಟಿ ಕಪ್ಪನ್ನು ಸಾಸರಿನ ಮೇಲಿಟ್ಟರು. "ಎಲ್ಲಿಗೆ ಹೋಗ್ಲಿ ಶ್ರೀ? ನಮ್ಮ ಓಣಿ ಪೂರ್ತಿ ಸಮುದ್ರಕ್ಕೆ ಹೋಯ್ತು. ಮನೆ, ಬೇಕರಿ, ಪ್ರಾರ್ಥನಾ ಮಂದಿರ, ಒಂದೂ ಉಳಿದಿಲ್ಲ. ಅದನ್ನ ನೋಡಿದೋರಲ್ಲಿ ನಮ್ಮಣ್ಣ ಇದ್ದ, ಅವನೂ ಹೋದ. ಈಗ ಅದು ಇರೋದು ಇಲ್ಲಿ ಮಾತ್ರ" ಎಂದು ಹಣೆ ಮುಟ್ಟಿಕೊಂಡರು. "ನಾನು ಮರೆತರೆ ಮುಗೀತು."

ನನಗೆ ನಾಚಿಕೆಯಾಯಿತು. ಇನ್ನೊಂದು ಸ್ಕೋನ್ ತಿಂದೆ. "ಆ ಕತ್ತೆ ವಿಷಯ ಇನ್ನೊಂದ್ಸಲ ಹೇಳಿ" ಎಂದೆ. ಅಂದು ಯಾರು ಗೆದ್ದರೋ ನನಗೆ ಇವತ್ತಿಗೂ ನೆನಪಿಲ್ಲ.

ಕೆಲವು ವರ್ಷಗಳ ನಂತರ ಆಂಟಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದರು. ಪರ್ತ್‌ನ ಜೂಂಡಲಪ್‌ನಲ್ಲಿದ್ದ ಮಗಳು ಬಂದು, ತನ್ನ ಮನೆಯ ಹತ್ತಿರದ ವೃದ್ಧರ ವಸತಿಗೆ ಕರೆದುಕೊಂಡು ಹೋದಳು. ಎಲ್ಲ ಅವಸರದಲ್ಲಿ ಆಯಿತು. ಆಗ ಬೋಗುಣಿ ನಮ್ಮ ಮನೆಯಲ್ಲಿತ್ತು. ಸುಮ ಅದನ್ನು ಬಳಸಲೂ ಇಲ್ಲ, ಒಳಗೆ ಎತ್ತಿಡಲೂ ಇಲ್ಲ. ಫ್ರಿಜ್ಜಿನ ಮೇಲೆ ಕೂತ ಅದು ನಾನು ನೀರು ಕುಡಿಯಲು ಹೋದಾಗಲೆಲ್ಲ ನನ್ನನ್ನೇ ನೋಡುತ್ತಿತ್ತು. ಭಾನುವಾರಗಳಲ್ಲಿ ಪಂದ್ಯವನ್ನು ಪೂರ್ತಿ ನೋಡುವ ಸ್ವಾತಂತ್ರ್ಯ ಸಿಕ್ಕಿತು. ಕ್ರಿಕೆಟ್ ಇಷ್ಟು ಬೇಸರದ ಆಟವೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಆಫೀಸಿನ ಕೆಲಸದ ಮೇಲೆ ಪರ್ತ್‌ಗೆ ಹೋಗುವ ಸಂದರ್ಭ ಬಂತು. ಸುಮ ರಜ ಹಾಕಿ ಕೋಡುಬಳೆ ಕರಿದಳು. ಪರ್ತ್ ವಿಮಾನ ನಿಲ್ದಾಣದಲ್ಲಿ, ಬೇರೆ ರಾಜ್ಯದಿಂದ ಬಂದ ಹಣ್ಣು ತರಕಾರಿ ಹುಡುಕುವ ನಾಯಿ ನನ್ನ ಚೀಲದ ಮುಂದೆ ಭಕ್ತಿಯಿಂದ ಕುಳಿತುಬಿಟ್ಟಿತು. ಅಧಿಕಾರಿ ಬೋಗುಣಿ ತೆರೆಸಿ ನೋಡಿ, ಮೂಸಿ, ಇಂಗಿನ ಘಾಟಿಗೆ ಹಿಂದೆ ಸರಿದು, ಹೋಗೆಂದು ಕೈ ಬೀಸಿದ.

ವಸತಿಯ ಹಜಾರದಲ್ಲಿ ಆಂಟಿ ಇಬ್ಬರು ಗೆಳತಿಯರ ನಡುವೆ ಕೂತು ಕಥೆ ಹೇಳುತ್ತಿದ್ದರು. ತುಂಬ ಇಳಿದುಹೋಗಿದ್ದರು. ನಾನು ಬಂದದ್ದನ್ನು ಗಮನಿಸಲಿಲ್ಲ. "ಆ ಚಳಿಗಾಲದಲ್ಲಿ ಮೊದಲು ಬೇಕರಿ ಬಿತ್ತು... ಅಲ್ಲ, ಪ್ರಾರ್ಥನಾ ಮಂದಿರ... ಯಾವುದು ಮೊದಲು ಬಿತ್ತು?" ಎಂದು ತಡವರಿಸಿದರು. ಕಣ್ಣಲ್ಲಿ ಗಾಬರಿ ಕಂಡಿತು. ನನಗೆ ತಡೆಯಲಾಗಲಿಲ್ಲ.

"ಮಂದಿರ ಮೊದಲು ಆಂಟಿ" ಎಂದೆ. "ಬೇಕರಿಯವನು ಒಲೆಯನ್ನ ಹಿಂದಿನ ಕೋಣೆಗೆ ಸಾಗಿಸಿ ಇನ್ನೊಂದು ಚಳಿಗಾಲ ದೂಡಿದ. ಕತ್ತೆ ಮಾತ್ರ ಹಳೇ ಬಾಗಿಲಿಗೇ ಬಂದು ನಿಲ್ತಿತ್ತು."

ಆಂಟಿ ತಿರುಗಿ ನೋಡಿದರು. ಮುಖ ಅರಳಿತು. ನನ್ನ ಕೈ ಹಿಡಿದುಕೊಂಡು ಗೆಳತಿಯರಿಗೆ ಹೇಳಿದರು: "ಇವನು ಶ್ರೀ. ನಮ್ಮೂರ ಕಡೆಯವನು."

ಗೆಳತಿಯರು ನನ್ನ ಕಪ್ಪು ಮುಖವನ್ನೂ ಕೋಡುಬಳೆಯನ್ನೂ ನೋಡಿ, ಹೌದು ಹೌದೆಂದು ತಲೆಯಾಡಿಸಿದರು. ಹೊರಡುವಾಗ ಬೋಗುಣಿಯನ್ನು ಮೇಜಿನ ಮೇಲೆಯೇ ಬಿಟ್ಟು ಮೆಲ್ಲಗೆ ಬಾಗಿಲ ಕಡೆ ನಡೆದೆ. "ಶ್ರೀ!" ಎಂದರು. ಕೋಡುಬಳೆಗಳನ್ನು ತಟ್ಟೆಗೆ ಸುರಿದು, ತಮ್ಮ ಕಪಾಟಿನ ಬಿಸ್ಕತ್ತುಗಳನ್ನೆಲ್ಲ ಬೋಗುಣಿಗೆ ತುಂಬಿ ನನ್ನ ಕೈಗಿಟ್ಟರು.

ವಾಪಸು ಬರುವಾಗ ವಿಮಾನ ತಡವಾಗಿತ್ತು. ನಿಲ್ದಾಣದಲ್ಲಿ ಪಕ್ಕದ ಸೀಟಿನಲ್ಲಿದ್ದ ಯುವಕ ನನ್ನ ತೊಡೆಯ ಮೇಲಿನ ಬೋಗುಣಿ ನೋಡಿ ನಕ್ಕು, ನಮ್ಮಂಥವರನ್ನು ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಕೇಳಿದ: "ನಿಮ್ಮದು ಯಾವೂರು?" ಮೈಸೂರು ಎನ್ನಲು ಹೊರಟಿದ್ದೆ. ಆದರೆ ಈ ಬೋಗುಣಿ ಎಲ್ಲಿಯದೆಂದು ಹೇಳದೆ ವಿಷಯ ಅರ್ಥವಾಗುವುದಿಲ್ಲವಲ್ಲ? ಹಾಗಾಗಿ ಮೊದಲ ಚರ್ಚಿನಿಂದ ಶುರುಮಾಡಿದೆ. ಗಂಟೆ ಬಿದ್ದು ಸೀಳುವ ಹೊತ್ತಿಗೆ ಹುಡುಗ ಗಡಿಯಾರ ನೋಡಿಕೊಂಡ. ನನಗೆ ಬಹಳ ಬೇಸರವಾಯಿತು. ಈಗಿನವರಿಗೆ ಊರು, ಇತಿಹಾಸ ಎಂದರೆ ಒಂದಿಷ್ಟೂ ಆಸಕ್ತಿಯಿಲ್ಲ. ಅವನು ಎದ್ದು ಹೋಗದಂತೆ ಬೋಗುಣಿಯನ್ನು ಅವನ ಮುಂದೆ ಹಿಡಿದು, "ಇನ್ನೊಂದು ಬಿಸ್ಕತ್ತು ತಗೋ, ಕತ್ತೆ ವಿಷಯ ಇನ್ನೂ ಹೇಳೇ ಇಲ್ಲ" ಎಂದೆ.