ನನ್ನ ಪ್ಲೇಟ್‌ಲೆಟ್ಟೂ ನಮ್ಮ ನೆಂಟರೂ

ಕೆಲವರಿಗೆ ಕಾಯಿಲೆ ಬಂದ ಮೇಲೆ ರಿಪೋರ್ಟ್ ಬರುತ್ತೆ. ನನಗೆ ರಿಪೋರ್ಟ್ ಬಂದ ಮೇಲೆ ಕಾಯಿಲೆ ಶುರುವಾಗುತ್ತೆ. ಇದೇನು ಮೊದಲನೇ ಸಲ ಅಲ್ಲ. ಕನ್ನಡಕದ ಚೀಟಿ ನೋಡಿ ಕಣ್ಣೇ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತವನು ನಾನು. ಆದ್ರೆ ಈ ಸಲದ್ದು ರಕ್ತದ ವಿಷಯ. ನಿಜವಾಗ್ಲೂ ಹೆದರಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಎಲ್ ಅಕ್ಷರ

ಮಾಚೇನಹಳ್ಳಿಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಇನ್‌ಸ್ಪೆಕ್ಷನ್ ಕೆಲಸದವನು. ಲೇತಿನಿಂದ ಬಂದ ಶಾಫ್ಟುಗಳನ್ನ ಅಳೆದು, ಸರಿ ಇದ್ದದ್ದನ್ನ ಪಾಸ್ ಮಾಡೋದು, ಇಲ್ಲದ್ದನ್ನ ರಿಜೆಕ್ಟ್ ಮಾಡೋದು. ಅಳತೆ ಜಾಸ್ತಿ ಇದ್ರೆ ತೊಂದರೆ ಇಲ್ಲ, ಇನ್ನೊಂದು ಸಲ ಲೇತಿಗೆ ಹಾಕಿ ಹೆಚ್ಚಿದ್ದನ್ನ ತೆಗೆದ್ರೆ ಆಯ್ತು. ಅದಕ್ಕೆ ರಿವರ್ಕ್ ಅಂತೀವಿ. ಕಮ್ಮಿ ಬಂತೋ, ಮುಗೀತು. ತೆಗೆದ ಕಬ್ಬಿಣ ಮತ್ತೆ ಅಂಟಿಸೋಕೆ ಆಗುತ್ತಾ? ಅದು ಸ್ಕ್ರ್ಯಾಪ್.

ಮೊನ್ನೆ ಫ್ಯಾಕ್ಟರಿಯಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿಸಿದ್ರು. ರಿಪೋರ್ಟ್ ಮೊಬೈಲಿಗೆ ಬಂತು. ಎಲ್ಲಾ ಸಾಲೂ ತೆಳು ಅಕ್ಷರ, ಪ್ಲೇಟ್‌ಲೆಟ್ ಅನ್ನೋ ಸಾಲು ಮಾತ್ರ ದಪ್ಪ ಅಕ್ಷರ, ಮುಂದೆ ಇಂಗ್ಲಿಷಿನ ಎಲ್. ಲೋ! ಪಕ್ಕದಲ್ಲಿ ಎಷ್ಟಿರಬೇಕು ಅಂತ ಬೇರೆ ಕೊಟ್ಟಿದ್ರು, ನಂದು ಅದರ ಅರ್ಧಕ್ಕೂ ಬಂದಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದ್ರೆ ಏನಾಗುತ್ತೆ ಅಂತ ಭದ್ರಾವತಿಯಲ್ಲಿ ಯಾರಿಗೆ ಗೊತ್ತಿಲ್ಲ? ನನಗೆ ಜ್ವರಾನೂ ಇಲ್ಲ. ಜ್ವರ ಇಲ್ಲದೆ ಇಳಿದಿದೆ ಅಂದ್ರೆ ಅದಕ್ಕಿಂತ ದೊಡ್ಡದೇ ಇರಬೇಕು. ಆ ದೊಡ್ಡದರ ಹೆಸರನ್ನ ಮನಸ್ಸಲ್ಲೂ ಹೇಳ್ಕೊಳ್ಳಲಿಲ್ಲ.

ಲೇತ್ ಆಪರೇಟರ್ ಹತ್ರ ಹೋಗಿ ತೋರಿಸ್ದೆ. ಅವನು ಸಮಾಧಾನ ಮಾಡೋಕೆ ತನ್ನ ಮೊಬೈಲ್ ತೆಗೆದ. "ನೋಡು ಮಾರಾಯ, ನಂಗೂ ಬಂದಿದೆ. ಕೊಲೆಸ್ಟ್ರಾಲು, ಎಚ್ ಅಂತ, ಹೈ. ನಾನೇನು ಅಳ್ತಾ ಇದೀನಾ?"

"ನಿಂಗೇನಪ್ಪ, ಎಚ್. ರಿವರ್ಕ್ ಆಗುತ್ತೆ," ಅಂದೆ. "ನಾನು ಸ್ಕ್ರ್ಯಾಪು."

ಪಕ್ಕದ ಮನೆ ಮರ

ಶಿವಮೊಗ್ಗದ ಡಾಕ್ಟರು ಸೋಮವಾರ ಬನ್ನಿ ಅಂದ್ರು. ಅಲ್ಲಿವರೆಗೆ ನಮ್ಮನೆಯವಳೇ ಡಾಕ್ಟರು. "ಪ್ಲೇಟ್‌ಲೆಟ್ ತಾನೇ? ಪರಂಗಿ ಎಲೆ ರಸ ಕುಡೀರಿ," ಅಂದ್ಲು. ಜನ್ನಾಪುರದ ನಮ್ಮ ಬೀದೀಲಿ ಪರಂಗಿ ಮರ ಇರೋದು ಪಕ್ಕದ ಮನೇಲಿ ಮಾತ್ರ. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಅದನ್ನ ಕುಡಿದ ಮೇಲೆ ಹಾಗಲಕಾಯಿ ಪಲ್ಯವನ್ನ ಪಾಯಸದ ಹಾಗೆ ಬಡಿಸ್ಕೊಂಡು ತಿಂದೆ.

"ಸಾಕು ಕಣೇ. ಸಾಯೋದಾದ್ರೆ ಬಾಯಿ ರುಚಿ ಇಟ್ಕೊಂಡೇ ಸಾಯ್ತೀನಿ," ಅಂದೆ.

"ಸಾಯೋ ಮಾತಾಡಿದ್ರೆ ಇನ್ನೊಂದು ಲೋಟ," ಅಂದ್ಲು. ಹಾಗಂದು ಅಡುಗೆಮನೆಗೆ ಹೋದವಳು ತುಂಬಾ ಹೊತ್ತು ಈಚೆ ಬರಲಿಲ್ಲ. ಅವಳಿಗೂ ಭಯ ಇತ್ತು.

ಶುಕ್ರವಾರ ಪಕ್ಕದ ಮನೆ ಯಜಮಾನರು ಗೇಟಿನ ಹತ್ರ ಬಂದು ನಿಂತ್ರು. ಪಾಪ, ಆರೋಗ್ಯ ವಿಚಾರಿಸೋಕೆ ಬಂದಿದಾರೆ ಅಂದ್ಕೊಂಡು ಮುಖ ಸಣ್ಣ ಮಾಡ್ಕೊಂಡು ಹೋದೆ.

"ನಿಮ್ಮ ಕೌಂಟು ಏರ್ತಾ?"

"ಗೊತ್ತಿಲ್ಲ ಸಾರ್, ಸೋಮವಾರ ನೋಡ್ಬೇಕು."

"ಸ್ವಲ್ಪ ಬೇಗ ನೋಡಿಸ್ಕೊಳ್ಳಿ," ಅಂದ್ರು. "ನಮ್ಮ ಮರದ ಕೌಂಟು ಎರಡೆಲೆಗೆ ಇಳಿದಿದೆ."

ಕೆಂಪು ಚುಕ್ಕೆ

ಪ್ಲೇಟ್‌ಲೆಟ್ ಇಳಿದ್ರೆ ಮೈ ಮೇಲೆ ಕೆಂಪು ಚುಕ್ಕೆ ಬರುತ್ತೆ ಅಂತ ಮೊಬೈಲಲ್ಲಿ ಓದಿದೆ. ಓದಬಾರದಿತ್ತು. ಶನಿವಾರ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯೋಕೆ ಹೋದ್ರೆ, ಬಲಗೈ ತುಂಬಾ ಕೆಂಪು ಚುಕ್ಕೆ! ಕೂಗ್ಕೊಂಡೆ. ನಮ್ಮನೆಯವಳು ಸೌಟು ಹಿಡ್ಕೊಂಡೇ ಓಡಿ ಬಂದ್ಲು. ನೋಡಿದ್ಲು. ಉಗುರಲ್ಲಿ ಕೆರೆದ್ಲು. ಆಮೇಲೆ ಮೂಸಿ ನೋಡಿದ್ಲು.

"ಇವತ್ತು ಎಲ್ಲಿ ನಿಂತಿದ್ರಿ?"

ಎಲ್ಲಿ ಅಂದ್ರೆ, ಪೇಂಟಿಂಗ್ ಶೆಡ್ಡಿನಲ್ಲಿ. ಅಲ್ಲಿಯವನು ಒಂದು ಗ್ರಿಲ್ಲಿಗೆ ರೆಡ್ ಆಕ್ಸೈಡ್ ಬಣ್ಣ ಹೊಡೀತಿದ್ದ, ನಾನು ಪಕ್ಕದಲ್ಲಿ ನಿಂತು ನನ್ನ ಗೋಳು ಹೇಳ್ಕೊಳ್ತಾ ಇದ್ದೆ.

"ಥಿನ್ನರ್ ಹಾಕಿ ಒರೆಸ್ಕೊಳ್ಳಿ," ಅಂದ್ಲು. "ಥಿನ್ನರಿಗೆ ಹೋಗೋ ಕಾಯಿಲೆ ಬಂದಿರೋದು ನಿಮಗೊಬ್ಬರಿಗೇ."

ಸಂಬಂಧ

ರಿಪೋರ್ಟಿನ ಕೊನೇಲಿ ಇಂಗ್ಲಿಷಲ್ಲಿ ಒಂದು ಸಾಲಿತ್ತು, ಕೋರಿಲೇಟ್ ಅಂತ ಏನೋ. ಅದೇ ನನ್ನನ್ನ ಎಲ್ಲಕ್ಕಿಂತ ಜಾಸ್ತಿ ಕೊರೀತಿತ್ತು. ಭಾನುವಾರ ರಾಗಿಗುಡ್ಡದಿಂದ ನಮ್ಮ ಭಾಮೈದ ಬಂದ. "ಕೊಡಿ ಭಾವ" ಅಂದವನೇ ಆ ಸಾಲನ್ನ ಫೋನಿಗೆ ಹಾಕಿ ಕನ್ನಡ ಮಾಡಿಸ್ದ. "ದಯವಿಟ್ಟು ವೈದ್ಯಕೀಯವಾಗಿ ಸಂಬಂಧ ಕಲ್ಪಿಸಿ" ಅಂತ ಬಂತು.

ಭಾಮೈದನ ಮುಖ ಬಾಡಿಹೋಯ್ತು. ಅಕ್ಕನನ್ನ ಆಚೆ ಕರ್ಕೊಂಡು ಹೋಗಿ ಪಿಸುಗುಟ್ಟಿದ. ನಂಗೆ ಕೇಳಿಸ್ತು. "ಅಕ್ಕ, ಸಂಬಂಧಿಕರನ್ನ ಕರೆಸಿ ಅಂತ ನಾಜೂಕಾಗಿ ಬರೆದಿದಾರೆ. ಇಂಥದ್ದನ್ನ ಅವರು ನೇರವಾಗಿ ಹೇಳಲ್ಲ."

ಮುಗೀತಲ್ಲ ಕಥೆ! ಸೋಮವಾರ ಬೆಳಗ್ಗೆ ಕ್ಲಿನಿಕ್ಕಿನ ತುಂಬಾ ನಮ್ಮವರೇ. ತರೀಕೆರೆಯಿಂದ ಚಿಕ್ಕಮ್ಮ ಮತ್ತವರ ಸೊಸೆಯರು, ಹೊಳೆಹೊನ್ನೂರಿಂದ ಷಡ್ಡಕ, ಅವನ ಮನೆ ಮಂದಿ. ಸೈಟಿನ ಜಗಳದಲ್ಲಿ ನನ್ನ ಜೊತೆ ಮಾತು ಬಿಟ್ಟಿದ್ದ ನಮ್ಮಣ್ಣ ಕೂಡ ಬಂದು ಭುಜದ ಮೇಲೆ ಕೈ ಇಟ್ಟ. "ಹೆದರ್ಬೇಡ ಕಣೋ, ನಾನಿದೀನಿ," ಅಂದ. ಆಗಲೇ ನಂಗೆ ಗ್ಯಾರಂಟಿ ಆಗಿದ್ದು, ನಾನು ಉಳಿಯಲ್ಲ ಅಂತ.

ಡಾಕ್ಟರು ಬೇರೆ ಟ್ಯೂಬಲ್ಲಿ ಹೊಸದಾಗಿ ರಕ್ತ ತೆಗೆಸಿ, ಮೈಕ್ರೋಸ್ಕೋಪಲ್ಲೂ ನೋಡಿಸಿದ್ರು. ಕೊನೆಗೆ ನನ್ನನ್ನೂ ನಮ್ಮನೆಯವಳನ್ನೂ ಒಳಗೆ ಕರೆದ್ರು.

"ನಿಮಗೇನೂ ಆಗಿಲ್ಲ," ಅಂದ್ರು. "ಕೆಲವರ ಪ್ಲೇಟ್‌ಲೆಟ್ಟು ಮೊದಲು ರಕ್ತ ತೆಗೆದ ಟ್ಯೂಬಿನ ಔಷಧಿಗೆ ಒಂದಕ್ಕೊಂದು ಅಂಟ್ಕೊಂಡು ಗುಂಪು ಕಟ್ಟುತ್ತೆ. ಮಷೀನಿಗೆ ಗುಂಪು ಎಣಿಸೋಕೆ ಬರಲ್ಲ, ಕಮ್ಮಿ ಅಂತ ತೋರಿಸುತ್ತೆ. ಅದಿರ್ಲಿ, ಹೊರಗೆ ಇಷ್ಟೊಂದು ಜನ ಯಾಕ್ರೀ?"

"ರಿಪೋರ್ಟಲ್ಲೇ ಬರೆದಿತ್ತಲ್ಲ ಸಾರ್, ಸಂಬಂಧಿಕರನ್ನ ಕರೆಸಿ ಅಂತ," ಅಂತ ಆ ಸಾಲು ತೋರಿಸ್ದೆ.

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡು ನಕ್ಕರು. "ರಿಪೋರ್ಟನ್ನ ರೋಗಿಯ ಜೊತೆ ತಾಳೆ ನೋಡಿ ಅಂತ ನನಗೆ ಬರೆದಿರೋದು ಮಾರಾಯ್ರೇ!"

ಹೊರಗೆ ಬಂದು "ಏನೂ ಇಲ್ವಂತೆ" ಅಂದೆ. ಎಲ್ಲರೂ ಉಸಿರು ಬಿಟ್ರು. ನಮ್ಮಣ್ಣ ಸುಮ್ಮನೆ ನನ್ನನ್ನೊಂದು ಸಲ ನೋಡಿ, ಮತ್ತೆ ಮಾತು ಬಿಟ್ಟ. ಅಷ್ಟು ದಿನ ನನ್ನೆದುರು ಒಂದು ಹನಿ ಕಣ್ಣೀರು ಹಾಕದ ನಮ್ಮನೆಯವಳು ಬೆಂಚಿನ ಮೇಲೆ ಕುಸಿದು ಕೂತು ಗೊಳೋ ಅಂತ ಅತ್ತುಬಿಟ್ಲು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ಲು.

"ಅಳಬೇಡ್ವೇ ಮಾರಾಯ್ತಿ, ನಾನು ಸಾಯಲ್ವಂತೆ," ಅಂದೆ.

"ಅದಕ್ಕಲ್ಲ ಕಣ್ರೀ," ಅಂತ ಸೆರಗಲ್ಲಿ ಮೂಗು ಒರೆಸ್ಕೊಂಡ್ಲು. "ಇವರೆಲ್ಲ ಈಗ ಊಟಕ್ಕೆ ನಮ್ಮನೆಗೇ ಬರ್ತಾರೆ. ನಾನು ಒಂದು ಪಾವು ಅಕ್ಕೀನೂ ತೊಳೆದಿಟ್ಟಿಲ್ಲ!"