ನಮ್ಮತ್ತೆ ಮತ್ತು ಗ್ರೀಕರ ಮನೆ ಜಗಳ

ನಮ್ಮ ಸೋದರತ್ತೆಗೆ ಯಾವುದಾದರೂ ಒಂದು ಕಥೆ ಹೇಳಿ ನೋಡಿ. ಆಮೇಲೂ ಅದು ನಿಮಗೆ ನೆಟ್ಟಗೆ ನೆನಪಿದ್ದರೆ, ನಾನು ನಾಟಕ ಆಡುವುದನ್ನೇ ಬಿಡುತ್ತೇನೆ!

ಯಲಹಂಕದ ಹವ್ಯಾಸಿ ತಂಡವೊಂದರಲ್ಲಿ ನನಗೆ ಹಳೆಯ ಗ್ರೀಕ್ ನಾಟಕದ ರಾಜಕುಮಾರಿಯ ಪಾತ್ರ ಸಿಕ್ಕಿತ್ತು. ಬಾಗಲೂರಿನಿಂದ ಬಂದು ನಮ್ಮನೆಯಲ್ಲಿ ಉಳಿದಿದ್ದ ಅತ್ತೆ ಅವರೆಕಾಳು ಹಿಸುಕುತ್ತ ಕಥೆ ಕೇಳಿದರು. ಹೇಳಿದೆ: ರಾಜ ಯುದ್ಧಕ್ಕೆ ಹೊರಟಾಗ ಹಡಗು ಸಾಗಲು ಗಾಳಿಯೇ ಇಲ್ಲ; ಗಾಳಿಗಾಗಿ ದೊಡ್ಡ ಮಗಳನ್ನು ಬಲಿಕೊಟ್ಟ. ಹತ್ತು ವರ್ಷದ ಮೇಲೆ ಗೆದ್ದು ಬಂದವನನ್ನು ರಾಣಿ ತನ್ನ ಪ್ರಿಯಕರನ ಜತೆ ಸೇರಿ ಕೊಂದಳು. ಅಪ್ಪನನ್ನು ಕೊಂದಳೆಂದು ಮಗ ತಾಯಿಯನ್ನೇ ಕೊಲ್ಲುತ್ತಾನೆ. ಕುಮ್ಮಕ್ಕು ಚಿಕ್ಕ ಮಗಳದು, ಅಂದರೆ ನನ್ನದು.

“ರಾಣಿ ಜತೆ ಸೇರ್ಕಂಡೋನು ಯಾರಮ್ಮಿ?”

“ರಾಜನ ಚಿಕ್ಕಪ್ಪನ ಮಗ.”

“ಅಂಗಾರೆ ನಿಂಗೆ ಚಿಕ್ಕಪ್ಪ ಆಗ್ಬೇಕು! ಮಾತು ಉರು ಹೊಡೆಯಾಗ ಅವನ್ನ ‘ಲೇ’ ಅಂತೀಯಲ್ಲ, ಮರ್ವಾದಿ ಬ್ಯಾಡ್ವಾ?”

ಮರುದಿನ ತಾಲೀಮಿನಲ್ಲಿ ಆ ಕೊಲೆಗಡುಕನನ್ನು ನೋಡಿದ್ದೇ ನನ್ನ ಬಾಯಲ್ಲಿ “ಬನ್ನಿ ಚಿಕ್ಕಪ್ಪ” ಎಂದು ಬಂದುಬಿಟ್ಟಿತು. ನಿರ್ದೇಶಕರು ತಲೆ ಹಿಡಿದುಕೊಂಡು ಕೂತರು.

ಅತ್ತೆ ಅಷ್ಟಕ್ಕೇ ನಿಲ್ಲುವವರೇ? ಪಕ್ಕದ ಮನೆಯಾಕೆಗೂ ಕಥೆ ದಾಟಿಸಿದರು. ಸಂಜೆ ಆಕೆ ಗೇಟಿನ ಹತ್ತಿರ ನನ್ನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದರು: “ನಿಮ್ ಬಾಗಲೂರು ನೆಂಟರ ಕೇಸ್ ಏನಾಯ್ತು ಕಣ್ರೀ? ಬೇಲ್ ಸಿಕ್ತಾ?”

ಭಾನುವಾರ ಪ್ರದರ್ಶನ. ತಮ್ಮನ ಪಾತ್ರದ ಹುಡುಗ ಕತ್ತಿ ಹಿರಿದು ರಾಣಿಯ ಬಾಗಿಲತ್ತ ನಡೆದ. ಎರಡನೇ ಸಾಲಿನಿಂದ ಅತ್ತೆ ಎದ್ದು ನಿಂತರು. “ಬ್ಯಾಡ ಕಣ್ಲಾ ಮಗಾ! ಅವ್ಳು ನಿಮ್ಮವ್ವ ಕಣ್ಲಾ!”

ಹುಡುಗ ಗಲಿಬಿಲಿಗೊಂಡು “ಆಯ್ತಮ್ಮಾ” ಎಂದುಬಿಟ್ಟ! ಸಭೆ ಗೊಳ್ಳೆಂದಿತು. ನಾನೇ ಅವನನ್ನು ಒಳಕ್ಕೆ ನೂಕಬೇಕಾಯಿತು. ನೂಕುವಾಗ ನಾನು ಯಾರ ಕಡೆಯವಳು ಎನ್ನುವುದು ನನಗೂ ತಿಳಿಯಲಿಲ್ಲ.

ನಾಟಕ ಮುಗಿದ ಮೇಲೆ ಅತ್ತೆಯನ್ನು ತರಾಟೆಗೆ ತೆಗೆದುಕೊಳ್ಳಲು ಹುಡುಕಿಕೊಂಡು ಹೋದೆ. ಅವರು ಬಣ್ಣದ ಕೋಣೆಯಲ್ಲಿ ರಾಣಿಯ ಪಾತ್ರದವಳ ತಲೆ ನೇವರಿಸುತ್ತ ಕೂತಿದ್ದರು.

“ದೊಡ್ಡ ಮಗ್ಳು ಸತ್ತೋದ್ಮ್ಯಾಕೆ ನಿನ್ನ ಯಾರಾರೂ ಮಾತಾಡ್ಸಿದ್ರೇನವ್ವಾ?”

“ಇಲ್ಲ ಅಮ್ಮ, ನಾಟಕದಲ್ಲಿ ಅದಿಲ್ಲ.”

“ನನ್ನೂ ಯಾರೂ ಮಾತಾಡ್ಸ್ನಿಲ್ಲ,” ಎಂದರು ಅತ್ತೆ.

ಅವರಿಗೊಬ್ಬ ಮಗಳಿದ್ದಳು. ಏಳನೇ ವಯಸ್ಸಿಗೆ ಜ್ವರ ಬಂದು ತೀರಿಕೊಂಡಳು. ಅದು ನಮಗೆಲ್ಲ ಗೊತ್ತಿತ್ತು. ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. ನಾನು ಬಣ್ಣ ಹಚ್ಚಿದ ಮುಖದಲ್ಲೇ ಅವರ ಪಕ್ಕ ಕೂತೆ.

“ಅತ್ತೆ, ಅವ್ಳು ಹೇಗಿದ್ಲು?”

“ಮೂಗು ನಿಂದೇಯ. ಕ್ವಾಪ ಬಂದ್ರೆ ಮಂಚದ ಕೆಳಗೆ ಸೇರ್ಕಂಬಿಡೋಳು,” ಎಂದು ಅತ್ತೆ ನಕ್ಕರು. ಸಭಾಂಗಣದವರು ಬೀಗ ಹಿಡಿದು ಬಂದು ನಿಂತರೂ ಅವರ ಮಾತು ಮುಗಿದಿರಲಿಲ್ಲ.